ಸತ್ತವರಿಗೂ ಒಂದು ಅಭಿಪ್ರಾಯ

ಅಮೆರಿಕದಲ್ಲಿ ಜನರ ಮಾತು ಯಾರೂ ಕೇಳುವುದಿಲ್ಲ ಅನ್ನುವವರು 2017ರ ಕಡತ ತೆಗೆದು ನೋಡಬೇಕು. ಅಲ್ಲಿ ಸತ್ತವರೂ ಮಾತಾಡಿದ್ದಾರೆ.

ಅಲ್ಲಿನ ದೂರಸಂಪರ್ಕ ಆಯೋಗ ಎಫ್‌ಸಿಸಿ ಆಗ ನೆಟ್ ನ್ಯೂಟ್ರಾಲಿಟಿ ನಿಯಮವನ್ನು ಕಿತ್ತುಹಾಕಲು ಹೊರಟಿತ್ತು. ಇಂಟರ್‌ನೆಟ್ ಕಂಪನಿಗಳು ದುಡ್ಡು ಕೊಟ್ಟವರ ವೆಬ್‌ಸೈಟನ್ನು ಮುಂದೆ ಬಿಟ್ಟು ಉಳಿದವರನ್ನು ಸತಾಯಿಸಬಾರದು ಅನ್ನುವ ನಿಯಮ ಅದು. ಆಗ ಆಯೋಗದ ಅಧ್ಯಕ್ಷರು ಅಜಿತ್ ಪೈ. ಹೌದು, ಕೊಂಕಣಿ ಮನೆತನದ ಪೈಗಳೇ. ಹೆಮ್ಮೆ ಪಡುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಕಾನೂನಿದೆಯಲ್ಲ, ಪಾಪ, ಆಯೋಗ ಜನರ ಅಭಿಪ್ರಾಯ ಕೇಳಿತು. ಟೀವಿ ಹಾಸ್ಯಗಾರ ಜಾನ್ ಆಲಿವರ್ 'ಹೋಗಿ ಬರೆಯಿರಿ' ಅಂದದ್ದೇ ತಡ, ಜನ ಮುಗಿಬಿದ್ದರು. ವೆಬ್‌ಸೈಟ್ ಕುಸಿಯಿತು. ಇದು ಸೈಬರ್ ದಾಳಿ ಅಂತ ಆಯೋಗ ಬೊಬ್ಬೆ ಹಾಕಿತು. ಮರುವರ್ಷ ಆಯೋಗದ್ದೇ ತನಿಖಾಧಿಕಾರಿ, ದಾಳಿಯ ಕುರುಹೇ ಇಲ್ಲ ಅಂದರು. ಊಟಕ್ಕೆ ಕರೆದು, ಬಂದ ನೆಂಟರನ್ನು ಕಂಡು ಕಳ್ಳ ಕಳ್ಳ ಅಂತ ಕೂಗಿದ ಹಾಗಾಯಿತು.

ನಿಜವಾದ ಕಳ್ಳರು ಆರಾಮಾಗಿ ಒಳಗೇ ಇದ್ದರು. ಬಂದ 2.2 ಕೋಟಿ ಅಭಿಪ್ರಾಯಗಳಲ್ಲಿ ಸುಮಾರು 1.8 ಕೋಟಿ ನಕಲಿ ಅಂತ ನ್ಯೂಯಾರ್ಕ್ ಅಟಾರ್ನಿ ಜನರಲ್ 2021ರಲ್ಲಿ ವರದಿ ಕೊಟ್ಟರು. ಬ್ರಾಡ್‌ಬ್ಯಾಂಡ್ ಉದ್ಯಮದವರು 42 ಲಕ್ಷ ಡಾಲರ್ ಸುರಿದು ನಿಯಮ ಬೇಡ ಅನ್ನುವ 85 ಲಕ್ಷ ಅಭಿಪ್ರಾಯ ತರಿಸಿದ್ದರು. ತಲೆಗೆ ಅರ್ಧ ಡಾಲರ್. ತಲೆ ಇದ್ದರೆ ತಾನೇ! ಗಿಫ್ಟ್ ಕಾರ್ಡ್ ಆಸೆ ತೋರಿಸಿ ಜನರ ಒಪ್ಪಿಗೆ ತರುತ್ತೇವೆ ಅಂದ ಏಜೆಂಟರು, ಅಷ್ಟು ಕಷ್ಟ ಯಾಕೆ ಅಂತ ಯಾರ್ಯಾರದೋ ಹೆಸರು, ವಿಳಾಸ ಹಾಕಿ ತಾವೇ ಕಳಿಸಿದರು. ಎರಡೂ ಪಕ್ಷದ ಸೆನೆಟರ್‌ಗಳ ಹೆಸರಲ್ಲೂ, ಸತ್ತವರ ಹೆಸರಲ್ಲೂ ಅಭಿಪ್ರಾಯ ಬಂತು.

ನಿಯಮ ಉಳಿಯಲಿ ಅನ್ನುವ ಕಡೆ 19 ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬ ಕೂತಲ್ಲೇ 77 ಲಕ್ಷ ಜನರನ್ನು ಸೃಷ್ಟಿಸಿದ. ಕಾಸು ಪಡೆಯದೆ. ಉದ್ಯಮದವರು ಅವನನ್ನೇ ಕೆಲಸಕ್ಕೆ ಇಟ್ಟುಕೊಂಡಿದ್ದರೆ ಎಷ್ಟು ಉಳಿತಾಯ ಆಗ್ತಿತ್ತು!

ಸಮಾನತೆಯ ನಿಯಮ ಬೇಡ ಅಂದ ಆಯೋಗ ತನ್ನ ಅಂಚೆಪೆಟ್ಟಿಗೆಯಲ್ಲಿ ಮಾತ್ರ ಅದನ್ನು ಚಾಚೂ ತಪ್ಪದೆ ಪಾಲಿಸಿತು. ಬದುಕಿದವರು, ಸತ್ತವರು, ಹುಟ್ಟಿಯೇ ಇಲ್ಲದವರು, ಎಲ್ಲರಿಗೂ ಒಂದೇ ಸಾಲು. 2017ರ ಡಿಸೆಂಬರ್ 14ರಂದು 3-2 ಮತದಲ್ಲಿ ನಿಯಮ ರದ್ದಾಯಿತು.

ಕೊನೆಗೆ 2021ರಲ್ಲಿ ದಂಡ ಬಿದ್ದದ್ದು ಮೂರು ಏಜೆಂಟ್ ಕಂಪನಿಗಳಿಗೆ, 44 ಲಕ್ಷ ಡಾಲರ್. ದುಡ್ಡು ಕೊಟ್ಟವರಿಗೆ ಈ ಮೋಸ ನೇರವಾಗಿ ಗೊತ್ತಿತ್ತು ಅನ್ನಲು ಸಾಕ್ಷಿ ಸಿಗಲಿಲ್ಲವಂತೆ. ಕೇಬಲ್ ಕಂಪನಿ ಕಂಡರೆ ಉರಿದುಬೀಳುವ ದೇಶದಲ್ಲಿ 85 ಲಕ್ಷ ಜನ ಇದ್ದಕ್ಕಿದ್ದಂತೆ ಅದರ ಪರ ನಿಂತರೆ ಅನುಮಾನ ಪಡೋದಾದರೂ ಯಾಕೆ, ಅಲ್ವಾ?