ದೀರ್ಘ ಚಾರಣದಲ್ಲಿ ನಿಲ್ಲುವುದೂ ಒಂದು ಕೆಲಸ

ಹಲವು ದಿನಗಳ ಚಾರಣ ಮುಗಿಸಿ ಬಂದವರನ್ನು ಎಲ್ಲರೂ ಮೊದಲು ಕೇಳುವುದು ‘ದಿನಕ್ಕೆ ಎಷ್ಟು ಕಿಲೋಮೀಟರ್ ನಡೆದಿರಿ?’ ಎಂದು. ಕೇಳುವವರದು ತಪ್ಪೆನ್ನಲಾಗದು, ಏಕೆಂದರೆ ಚಿತ್ರಗಳ ಕೆಳಗೆ ಮೊಬೈಲ್ ಆ್ಯಪ್ ತೋರಿಸಿದ ದೂರವನ್ನೂ ಏರಿದ ಎತ್ತರವನ್ನೂ ಬರೆದು ಹಾಕಿ ಈ ಚಾಳಿಯನ್ನು ಬೆಳೆಸಿದವರು ಚಾರಣಿಗರಾದ ನಾವೇ. ಆದರೆ ಬೆನ್ನುಚೀಲ ಹೊತ್ತು ವಾರಗಟ್ಟಲೆ ನಡೆಯುವವರ ಒಂದು ದಿನ ಹೇಗೆ ಸಾಗಿತು ಎಂಬುದನ್ನು ಆ ಅಂಕಿ ಹೇಳುವುದು ಬಹಳ ಕಡಿಮೆ. ಎಲ್ಲೆಲ್ಲಿ ನಿಂತಿರಿ, ಏಕೆ ನಿಂತಿರಿ, ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಹೋದದ್ದು ಎಲ್ಲಿ ಎಂದು ಕೇಳಿದರೆ ದಿನದ ನಿಜವಾದ ಚಿತ್ರ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಒಂದೇ ದಿನದ ಬೆಟ್ಟದ ನಡಿಗೆಗೆ ಈ ಮಾತು ಅಷ್ಟಾಗಿ ಹೊಂದುವುದಿಲ್ಲ. ಅಲ್ಲಿ ಕಾಲು ಸೋತರೂ ರಾತ್ರಿ ಮನೆಯ ಹಾಸಿಗೆ ಇರುತ್ತದೆ. ದೀರ್ಘ ನಡಿಗೆಯಲ್ಲಾದರೆ ಇಂದು ಮಧ್ಯಾಹ್ನ ಕಡೆಗಣಿಸಿದ ಪಾದದ ಉರಿ ನಾಳೆ ಬೆಳಗಿನ ಮೊದಲ ಹೆಜ್ಜೆಯಲ್ಲೇ ಲೆಕ್ಕ ಕೇಳುತ್ತದೆ.

ಬೆಳಗಿನ ಹೊತ್ತಿನಿಂದಲೇ ಶುರುಮಾಡೋಣ. ಟೆಂಟ್ ಮಡಚಿ ಚೀಲ ತುಂಬುವಾಗ ಭಾರವಾದ ವಸ್ತುಗಳು, ಅಂದರೆ ಆಹಾರ, ನೀರು, ಒಲೆಯ ಇಂಧನ, ಬೆನ್ನುಮೂಳೆಗೆ ಆತುಕೊಂಡಂತೆ ಚೀಲದ ನಡುಭಾಗದಲ್ಲಿ ಇರಬೇಕು. ಹಗುರವಾದ ಸ್ಲೀಪಿಂಗ್ ಬ್ಯಾಗ್ ತಳದಲ್ಲಿದ್ದರೆ ಸಾಕು. ಭಾರ ಹೊರಗಡೆಗೆ ಅಥವಾ ತೀರಾ ಮೇಲಕ್ಕೆ ಸೇರಿದರೆ ಚೀಲ ಹಿಂದಕ್ಕೆ ಜಗ್ಗುತ್ತದೆ, ಅದನ್ನು ಸರಿದೂಗಿಸಲು ನಡೆಯುವವರು ದಿನವಿಡೀ ಮುಂದಕ್ಕೆ ಬಾಗುತ್ತಾರೆ. ಚೀಲವನ್ನು ಹಾಕಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲಂಚಿನ ಮೇಲೆ ಕೂರಿಸಿ ಬಿಗಿಯಬೇಕು; ಭುಜದ ಪಟ್ಟಿಗಳ ಸರದಿ ಆಮೇಲೆ. ಹೆಚ್ಚಿನ ಭಾರ ಸೊಂಟದ ಮೂಲಕ ಕಾಲಿಗೆ ಇಳಿಯಬೇಕು, ಭುಜಕ್ಕೆ ಉಳಿಯಬೇಕಾದದ್ದು ಚೀಲ ಅಲುಗಾಡದಂತೆ ಹಿಡಿಯುವ ಕೆಲಸ ಮಾತ್ರ. ಹೊಸಬರಲ್ಲಿ ಬಹುಪಾಲು ಜನ ಭುಜದ ಪಟ್ಟಿಗಳನ್ನು ಮೊದಲೇ ಬಿಗಿದು, ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲೆ ಅಲಂಕಾರಕ್ಕೆಂಬಂತೆ ಕಟ್ಟಿಕೊಳ್ಳುವುದನ್ನು ನೋಡಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಅವರ ಎರಡೂ ಹೆಬ್ಬೆರಳುಗಳು ಭುಜದ ಪಟ್ಟಿಯ ಅಡಿ ಸಿಕ್ಕಿಕೊಂಡಿರುತ್ತವೆ.

ಹೊರಟ ಹತ್ತು ಹದಿನೈದು ನಿಮಿಷಗಳಲ್ಲಿ ಒಮ್ಮೆ ನಿಲ್ಲಲೇಬೇಕು. ಬೆಳಗಿನ ಚಳಿಗೆ ಹಾಕಿಕೊಂಡ ಬೆಚ್ಚನೆಯ ಅಂಗಿ ಅಷ್ಟರಲ್ಲಿ ಬೆವರು ಕುಡಿಯತೊಡಗಿರುತ್ತದೆ. ಶೂಗಳ ಲೇಸು ಕಾಲಿಗೆ ತಕ್ಕಂತೆ ಜರುಗಿ ಸಡಿಲವಾಗಿರುತ್ತದೆ. ಚೀಲದೊಳಗಿನ ಸಾಮಾನು ಕುಸಿದು ಪಟ್ಟಿಗಳು ಮತ್ತೆ ಬಿಗಿತ ಬೇಡುತ್ತವೆ. ಇದನ್ನು ಗೊತ್ತಿದ್ದವರು ಹೊರಡುವಾಗಲೇ ತುಸು ಚಳಿಯಾಗುವಷ್ಟು ಕಡಿಮೆ ಬಟ್ಟೆಯಲ್ಲಿ ಹೊರಡುತ್ತಾರೆ. ಆದರೆ ಗುಂಪಿನಲ್ಲಿ ಈ ಮೊದಲ ನಿಲುಗಡೆ ತಪ್ಪುವುದೇ ಹೆಚ್ಚು. ಎಲ್ಲರಿಗೂ ಬೆಳಗಿನ ಹುರುಪು, ಎಲ್ಲರೂ ಆರಂಭಶೂರರು. ಹೊರಟ ಕೂಡಲೇ ನಿಲ್ಲಿ ಎನ್ನುವವರು ಉಳಿದವರ ಕಣ್ಣಿಗೆ ಸೋಮಾರಿಗಳಂತೆ ಕಾಣುತ್ತಾರೆ.

ನಿಲ್ಲುವ ವಿಷಯದಲ್ಲಿ ಅತ್ಯಂತ ದುಬಾರಿಯಾದ ದಾಕ್ಷಿಣ್ಯವೆಂದರೆ ಪಾದದ ವಿಷಯದ್ದು. ಹಿಮ್ಮಡಿಯ ಹಿಂಬದಿಯಲ್ಲೋ ಕಿರುಬೆರಳಿನ ಪಕ್ಕದಲ್ಲೋ ಒಂದು ನಾಣ್ಯದಷ್ಟು ಜಾಗ ಬೆಚ್ಚಗಾದಂತೆ ಅನ್ನಿಸುತ್ತದೆ. ನೋವಿಲ್ಲ, ಗಾಯವಿಲ್ಲ, ಬರೀ ಬಿಸಿ. ಆಗ ನಡೆಯುತ್ತಿರುವುದು ಇಷ್ಟು: ಒದ್ದೆಯಾದ ಚರ್ಮ ಕಾಲುಚೀಲಕ್ಕೆ ಅಂಟಿಕೊಂಡಿದೆ, ಒಳಗಿನ ಮೂಳೆ ಮಾತ್ರ ಪ್ರತಿ ಹೆಜ್ಜೆಗೂ ಹಿಂದಕ್ಕೂ ಮುಂದಕ್ಕೂ ಸರಿಯುತ್ತಿದೆ. ನಡುವೆ ಸಿಕ್ಕಿದ ಚರ್ಮದ ಪದರಗಳು ಮತ್ತೆ ಮತ್ತೆ ಎಳೆತಕ್ಕೊಳಗಾಗಿ ಕೊನೆಗೆ ಒಂದರಿಂದ ಒಂದು ಬಿಡಿಸಿಕೊಳ್ಳುತ್ತವೆ. ಆ ಸಂದಿನಲ್ಲಿ ದ್ರವ ತುಂಬಿಕೊಂಡು ನೀರುಗುಳ್ಳೆ ಏಳುತ್ತದೆ. ಅಂದರೆ ಬರೀ ಮೇಲಿನ ಉಜ್ಜಾಟದಿಂದ ಆಗುವ ಗಾಯ ಅದಲ್ಲ, ಒಳಗಿನಿಂದ ಹರಿಯುವಂಥದ್ದು. ಬಿಸಿ ಅನ್ನಿಸಿದ ಕ್ಷಣವೇ ನಿಂತು, ಶೂ ಬಿಚ್ಚಿ, ಪಾದವನ್ನು ಒರೆಸಿ ಆರಲು ಬಿಟ್ಟು, ಆ ಜಾಗಕ್ಕೆ ನಯವಾದ ಟೇಪ್ ಅಂಟಿಸಿ, ಒಣ ಕಾಲುಚೀಲ ಹಾಕಿಕೊಂಡರೆ ಐದಾರು ನಿಮಿಷಗಳ ಕೆಲಸ. ‘ಮುಂದಿನ ವಿಶ್ರಾಂತಿಯಲ್ಲಿ ನೋಡಿದರಾಯಿತು’ ಎಂದುಕೊಂಡರೆ ಮುಂದಿನ ವಿಶ್ರಾಂತಿಯಲ್ಲಿ ಗುಳ್ಳೆ ತಯಾರಾಗಿರುತ್ತದೆ. ಆಮೇಲೆ ಅದನ್ನು ತಪ್ಪಿಸಲು ಪಾದವನ್ನು ಓರೆಯಾಗಿ ಊರುವುದು, ಅದರಿಂದ ಮಂಡಿಗೆ ನೋವು, ಮಂಡಿಯಿಂದ ಸೊಂಟಕ್ಕೆ. ಜೊತೆಗಾರರು ಮುಂದೆ ಹೋಗುತ್ತಿದ್ದಾರೆ, ನನ್ನೊಬ್ಬನಿಂದ ಎಲ್ಲರಿಗೂ ತಡವಾಗಬಾರದು ಎಂಬ ಸಂಕೋಚವೇ ಇದಕ್ಕೆಲ್ಲ ಮೂಲ. ಇಂಥ ಸಂಕೋಚವನ್ನು ನಾನು ಸೌಜನ್ಯ ಎಂದು ಒಪ್ಪುವುದಿಲ್ಲ, ಏಕೆಂದರೆ ಇಂದು ಐದು ನಿಮಿಷ ಉಳಿಸಿಕೊಟ್ಟವರು ನಾಳೆ ಇಡೀ ಗುಂಪಿನ ಅರ್ಧ ದಿನವನ್ನು ತೆಗೆದುಕೊಳ್ಳುತ್ತಾರೆ.

ಸಮಯದ ಅಂದಾಜಿಗೆ ಇಂದಿಗೂ ಬಳಕೆಯಲ್ಲಿರುವ ಸೂತ್ರವೊಂದಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟದ್ದು ಅದು. ಈಗ ಬಳಸುವ ಮೆಟ್ರಿಕ್ ರೂಪದಲ್ಲಿ ಹೇಳುವುದಾದರೆ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 18 ಕಿಲೋಮೀಟರ್ ಹಾದಿಯಲ್ಲಿ ಒಟ್ಟು 900 ಮೀಟರ್ ಏರಿದ್ದರೆ ಐದು ಗಂಟೆ ದಾಟಿ ಕೆಲವೇ ನಿಮಿಷ ಎಂದು ಲೆಕ್ಕ ಬರುತ್ತದೆ. ಸೂತ್ರ ಒಳ್ಳೆಯದೇ. ಆದರೆ ಅದು ಸಾಕಷ್ಟು ಗಟ್ಟಿಮುಟ್ಟಾದ ವ್ಯಕ್ತಿ ಒಳ್ಳೆಯ ಹಾದಿಯಲ್ಲಿ ನಿಲ್ಲದೆ ನಡೆದರೆ ಎಂಬ ಊಹೆಯ ಮೇಲೆ ನಿಂತಿದೆ. ಬೆನ್ನ ಮೇಲಿನ ಭಾರ, ಕೆಸರು, ಕಡಿದಾದ ಇಳಿಜಾರು, ಊಟ, ನೀರು ತುಂಬಿಸಿಕೊಳ್ಳುವುದು, ದಾರಿ ನೋಡಿಕೊಳ್ಳುವುದು ಯಾವುದೂ ಅದರೊಳಗಿಲ್ಲ. ಈ ಐದು ಗಂಟೆಯನ್ನೇ ನಂಬಿ ಬೆಳಿಗ್ಗೆ ತಡವಾಗಿ ಹೊರಟವರ ದಿನ ಕತ್ತಲಲ್ಲಿ ಮುಗಿಯುತ್ತದೆ. ನನ್ನ ಮಟ್ಟಿಗೆ ಅದು ನಡೆಯುವ ಸಮಯ ಮಾತ್ರ; ನಿಲ್ಲುವ ಸಮಯವನ್ನು ಬೇರೆಯಾಗಿ ಬರೆದು ಕೂಡಿಸಿದ ಮೇಲೆಯೇ ದಿನದ ಲೆಕ್ಕ ಪೂರ್ತಿಯಾಗುವುದು.

ನೀರಿನ ವಿಷಯದಲ್ಲೂ ನಿಲುಗಡೆಯ ಬುದ್ಧಿವಂತಿಕೆ ಕೆಲಸಕ್ಕೆ ಬರುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ಭಾರ, ಇದರಲ್ಲಿ ಚೌಕಾಸಿಗೆ ಜಾಗವಿಲ್ಲ. ಆದ್ದರಿಂದ ತೊರೆ ಸಿಕ್ಕಲ್ಲಿ ಬಾಟಲಿ ತುಂಬಿಸಿಕೊಂಡು ಓಡುವುದಕ್ಕಿಂತ, ಅಲ್ಲೇ ಕುಳಿತು ನೀರನ್ನು ಶುದ್ಧಮಾಡಿ ಹೊಟ್ಟೆ ತುಂಬ ಕುಡಿದು, ಮುಂದಿನ ನೀರಿನ ತಾಣದವರೆಗೆ ಬೇಕಾದಷ್ಟನ್ನು ಮಾತ್ರ ಹೊತ್ತು ಹೊರಡುವುದು ಲಾಭ. ಕುದಿಸುವುದಾದರೆ ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಚಾರಣಿಗರು ಒಯ್ಯುವ ಸಣ್ಣ ಫಿಲ್ಟರ್‌ಗಳು ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆಯೇ ಹೊರತು ಸಾಮಾನ್ಯವಾಗಿ ವೈರಸ್‌ಗಳನ್ನಲ್ಲ. ಜನವಸತಿಯ ಕೆಳಗೆ ಹರಿದು ಬರುವ ನೀರಿಗೆ ಅವನ್ನಷ್ಟೇ ನೆಚ್ಚುವುದು ಸರಿಯಲ್ಲ. ಊಟದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹಸಿವಾದ ಮೇಲೆ ಒಮ್ಮೆಲೇ ತಿನ್ನುವುದಕ್ಕಿಂತ ಹಸಿವಾಗುವ ಮುಂಚೆ ಆಗಾಗ ತಿನ್ನುವುದು ಮೇಲು.

ಮಳೆ, ಗಾಳಿಗಳ ವಿಷಯ ಮಾತ್ರ ತುಸು ಗಂಭೀರವಾದದ್ದು. ಎತ್ತರಕ್ಕೆ ಹೋದಂತೆ ಪ್ರತಿ 1000 ಮೀಟರಿಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಅದರ ಮೇಲೆ ಮೈ ಒದ್ದೆಯಾಗಿ ಗಾಳಿಯೂ ಬೀಸಿದರೆ, ನೀರು ಹೆಪ್ಪುಗಟ್ಟದಂಥ ಹವೆಯಲ್ಲೂ ದೇಹದ ಶಾಖ ಅಪಾಯದ ಮಟ್ಟಕ್ಕೆ ಕುಸಿಯಬಲ್ಲದು. ಮೊದಲ ಹನಿಗಳು ಬಿದ್ದಾಗಲೇ ನಿಂತು ಮಳೆಯಂಗಿ ಹಾಕಿಕೊಳ್ಳುವವರು, ‘ಇದು ಹೋಗುವ ಮಳೆ’ ಎಂದು ನಡೆದು ತೊಪ್ಪೆಯಾದ ಮೇಲೆ ಹಾಕಿಕೊಳ್ಳುವವರು ಎಂದು ಎರಡು ಬಗೆಯ ಜನರಿದ್ದಾರೆ. ಎರಡನೆಯ ಬಗೆಯವರು ಮಳೆಯಂಗಿಯೊಳಗೆ ನೀರನ್ನು ಕಾಪಾಡಿಕೊಂಡಂತಾಗುತ್ತದೆ. ಹತ್ತಿಯ ಬಟ್ಟೆ ತೊಟ್ಟಿದ್ದರಂತೂ ಅದು ಬೇಗ ಒಣಗುವುದೂ ಇಲ್ಲ, ಒದ್ದೆಯಲ್ಲಿ ಬೆಚ್ಚಗಿಡುವುದೂ ಇಲ್ಲ.

ನಿಲ್ಲುವುದನ್ನು ಸೋಲೆಂದು ತಿಳಿಯುವವರಿಗೆ ನಾನು ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿಯ ವಿಷಯ ಹೇಳುವುದುಂಟು. ಅಮೆರಿಕದ ಅಪಲೇಚಿಯನ್ ಹಾದಿ ಸುಮಾರು 3500 ಕಿಲೋಮೀಟರ್ ಉದ್ದದ್ದು. 1954ರಲ್ಲಿ ಆಕೆ ಅದರ ಉತ್ತರದ ತುದಿಯಿಂದ ನಡೆಯಲು ಹೊರಟು, ದಾರಿ ತಪ್ಪಿ, ಕನ್ನಡಕವನ್ನೂ ಒಡೆದುಕೊಂಡು, ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ ಮನೆಗೆ ಮರಳಿದರು. ಮರುವರ್ಷ, 67ನೆಯ ವಯಸ್ಸಿನಲ್ಲಿ, ದಕ್ಷಿಣದ ತುದಿಯಿಂದ ಹೊರಟು ಇಡೀ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದರು. ಆ ಹಾದಿಯನ್ನು ಒಂದೇ ಋತುವಿನಲ್ಲಿ ಒಂಟಿಯಾಗಿ ಪೂರೈಸಿದ ಮೊದಲ ಮಹಿಳೆ ಆಕೆ. ಹೆಗಲಿಗಿದ್ದದ್ದು ತಾವೇ ಹೊಲಿದುಕೊಂಡ ಬಟ್ಟೆಯ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಸಲಕರಣೆಗಳ ಬೆಲೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವವರಿಗೆ ಈ ಪರದೆಯ ವಿಷಯ ಹೇಳುವುದರಲ್ಲಿ ನನಗೆ ಸಣ್ಣದೊಂದು ಖುಷಿಯೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಇಲ್ಲಿ ಮುಖ್ಯವಾದದ್ದು 1954ರ ಆ ನಿಲುಗಡೆ. ದಾರಿ ತಪ್ಪಿ, ಕಣ್ಣು ಸರಿಯಾಗಿ ಕಾಣದ ಸ್ಥಿತಿಯಲ್ಲಿ ಹಟಕ್ಕೆ ಬಿದ್ದು ಮುಂದುವರಿದಿದ್ದರೆ 1955ರ ನಡಿಗೆಗೆ ಅವಕಾಶವೇ ಇರುತ್ತಿರಲಿಲ್ಲವೇನೋ.

ಹಾಗೆಂದು ಎಲ್ಲೆಂದರಲ್ಲಿ ನಿಲ್ಲಬಹುದೆಂದು ಅರ್ಥವಲ್ಲ. ಬೋಳು ಏಣಿನ ಮೇಲೆ ಗುಡುಗು ಕೇಳಿಸಿದರೆ ಅಲ್ಲಿ ಕುಳಿತು ವಿಚಾರ ಮಾಡುವುದು ಮೂರ್ಖತನ. ಕೂಡಲೇ ತಗ್ಗಿಗೆ ಇಳಿದು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆಯಾದರೂ ಕಾಯಬೇಕು. ಬೆಟ್ಟಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುವ ಕಾಲವಾದರೆ ಎತ್ತರದ ಭಾಗವನ್ನು ಅದಕ್ಕೆ ಮುಂಚೆ ದಾಟಿಬಿಡುವಂತೆ ಬೆಳಗಿನ ನಿಲುಗಡೆಗಳನ್ನು ಮೊಟಕುಗೊಳಿಸಬೇಕಾಗುತ್ತದೆ. ಕಲ್ಲು ಉರುಳುವ ಇಳಿಜಾರಿನ ಬುಡದಲ್ಲಿ ಊಟದ ಬುತ್ತಿ ಬಿಚ್ಚುವವರೂ ಇದ್ದಾರೆ, ಅವರ ವಿಷಯ ಬೇಡ.

ದಿನದ ಅತಿ ಕಷ್ಟದ ತೀರ್ಮಾನ ಬರುವುದು ಮಧ್ಯಾಹ್ನ ಇಳಿದ ಮೇಲೆ. ಸಮತಟ್ಟಾದ, ಗಾಳಿಯ ಮರೆಯಿರುವ ಜಾಗವೊಂದು ಸಿಕ್ಕಿದೆ, ನೀರೂ ಹತ್ತಿರದಲ್ಲಿದೆ, ಬಿಸಿಲು ಇನ್ನೂ ಇದೆ. ನಕಾಶೆಯಲ್ಲಿ ಮುಂದಿನ ತಂಗುವ ಜಾಗ ಬರೀ 4 ಕಿಲೋಮೀಟರ್ ಎಂದು ತೋರಿಸುತ್ತಿದೆ. ‘ಇನ್ನೊಂದು ಸ್ವಲ್ಪ’ ಎನ್ನುವ ಮಾತು ಗುಂಪಿನಲ್ಲಿ ಯಾರಾದರೊಬ್ಬರ ಬಾಯಿಂದ ಬಂದೇ ಬರುತ್ತದೆ. ಆಗ ನಾನು ನೋಡುವುದು ಜೊತೆಗಾರರ ಕಾಲುಗಳನ್ನು, ಮುಖಗಳನ್ನಲ್ಲ. ಹೆಜ್ಜೆ ಎತ್ತದೆ ಎಳೆಯುತ್ತಿದ್ದಾರೆಯೇ, ಬೇರುಗಳಿಗೆ ಎಡವುತ್ತಿದ್ದಾರೆಯೇ, ಬೆಳಿಗ್ಗೆ ಹಾರಿ ದಾಟುತ್ತಿದ್ದ ಕಲ್ಲನ್ನು ಈಗ ಸುತ್ತಿ ಬರುತ್ತಿದ್ದಾರೆಯೇ? ಇವುಗಳಲ್ಲಿ ಒಂದು ಕಂಡರೂ ನನ್ನ ಮತ ಅಲ್ಲೇ ತಂಗುವುದಕ್ಕೆ. ಉಳಿದಿರುವ ಬೆಳಕಿನ ಅಂದಾಜಿಗೆ ತೋಳು ನೀಡಿ ಬೆರಳುಗಳನ್ನು ಅಡ್ಡವಾಗಿ ಹಿಡಿದು ಸೂರ್ಯನಿಗೂ ದಿಗಂತಕ್ಕೂ ನಡುವೆ ಎಷ್ಟು ಬೆರಳು ಹಿಡಿಸುತ್ತವೆ ಎಂದು ನೋಡುವ ಹಳೆಯ ರೂಢಿಯಿದೆ. ಬೆರಳೊಂದಕ್ಕೆ ಸುಮಾರು ಹದಿನೈದು ನಿಮಿಷ. ಅದು ಒರಟು ಅಂದಾಜು, ಕಣಿವೆಯಲ್ಲಿ ದಿಗಂತವೇ ಎತ್ತರದಲ್ಲಿರುವುದರಿಂದ ಇನ್ನೂ ಮೋಸ. ಆದರೂ ನಾಲ್ಕು ಬೆರಳು ಮಾತ್ರ ಉಳಿದಿದ್ದರೆ ಚರ್ಚೆ ಸಾಕು ಎಂದು ಹೇಳಲು ಅಷ್ಟು ಸಾಲುತ್ತದೆ.

ಬೆಳಕಿರುವಾಗಲೇ ತಂಗಿದವರಿಗೆ ಟೆಂಟ್ ಹಾಕುವ ಜಾಗವನ್ನು ಆರಿಸುವ ಸ್ವಾತಂತ್ರ್ಯವಿರುತ್ತದೆ. ತೀರಾ ತಗ್ಗಿನಲ್ಲಿ ತಂಪು ಗಾಳಿ ಇಳಿದು ನಿಲ್ಲುತ್ತದೆ, ಮಳೆ ಬಂದರೆ ನೀರೂ ಅಲ್ಲೇ ಸೇರುತ್ತದೆ. ಒಣಗಿದ ಕೊಂಬೆಗಳ ಕೆಳಗೆ ಮಲಗುವಂತಿಲ್ಲ. ತೊರೆಯಿಂದ ಸುಮಾರು 60 ಮೀಟರ್ ದೂರವಿದ್ದರೆ ನೀರೂ ಕೆಡುವುದಿಲ್ಲ, ಅಲ್ಲಿಗೆ ಬರುವ ಪ್ರಾಣಿಗಳಿಗೂ ಅಡ್ಡಿಯಾಗುವುದಿಲ್ಲ. ಶೌಚದ ಗುಂಡಿಗೂ ಅಷ್ಟೇ ದೂರ ಬೇಕು, ಆಳ 15ರಿಂದ 20 ಸೆಂಟಿಮೀಟರ್. ಕತ್ತಲಲ್ಲಿ ಟಾರ್ಚ್ ಹಿಡಿದು ಬಂದವರು ಇವೆಲ್ಲವನ್ನೂ ಬಿಟ್ಟು ಸಿಕ್ಕಿದಲ್ಲಿ ಗೂಟ ಹೊಡೆಯುತ್ತಾರೆ; ಅದನ್ನು ತಪ್ಪೆಂದು ಅವರ ಮುಂದೆ ಹೇಳುವ ಹೊತ್ತೂ ಅದಲ್ಲ.

ಸಂಜೆಯ ಕೆಲಸಗಳಲ್ಲಿ ಪಾದ ತೊಳೆದು ಒರೆಸಿ ಬೆರಳುಗಳ ನಡುವೆ ನೋಡಿಕೊಳ್ಳುವುದನ್ನು ಅಡುಗೆಗಿಂತ ಮೊದಲು ಮಾಡಬೇಕೆಂಬುದು ನನ್ನ ಹಟ, ಏಕೆಂದರೆ ಉಂಡ ಮೇಲೆ ಯಾರೂ ಮಾಡುವುದಿಲ್ಲ. ಆಮೇಲೆ ನಕಾಶೆ ಬಿಚ್ಚಿ ಮರುದಿನದ ಹಾದಿಯಲ್ಲಿ ನೀರು ಎಲ್ಲಿ, ನೆರಳು ಎಲ್ಲಿ, ಬೇಗ ತಂಗಬೇಕಾದರೆ ಜಾಗ ಎಲ್ಲಿ ಎಂದು ಗುರುತು ಹಾಕಿಕೊಳ್ಳುವುದು. ಮಲಗಿದಾಗಲೂ ಮಿಡಿಯುವ ಸ್ನಾಯುರಜ್ಜುವಿನ ನೋವು, ಕೆಂಪೇರಿ ಬಿಸಿಯಾದ ಗುಳ್ಳೆ, ಇಳಿಜಾರಿನಲ್ಲಿ ಹೆಚ್ಚುವ ಮಂಡಿಯ ನೋವು ಯಾರಿಗಾದರೂ ಇದ್ದರೆ ಮಾರನೆಯ ದಿನ ನಡೆಯುವುದು ಬೇಡವೆಂದು ಆಗಲೇ ತೀರ್ಮಾನಿಸುವುದು ಒಳ್ಳೆಯದು. ಬೆಳಗಿನ ಹುರುಪಿನಲ್ಲಿ ಆ ತೀರ್ಮಾನಕ್ಕೆ ಯಾರೂ ಒಪ್ಪುವುದಿಲ್ಲ, ನೋವಿದ್ದವರು ಎಲ್ಲರಿಗಿಂತ ಮೊದಲು ಚೀಲ ಹೆಗಲಿಗೇರಿಸಿ ನಿಂತಿರುತ್ತಾರೆ.