ಡಬ್ಬಿಯೊಳಗಿನ ಗಾಳಿಯ ಹಟ

ಬಿಗಿಯಾಗಿ ಮುಚ್ಚುವ ಡಬ್ಬಿಗಳಿಗೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಬಿಸಿ ಬಿಸಿ ತುಂಬಿ ಒತ್ತಿ ಮುಚ್ಚಿಟ್ಟ ಸ್ಟೀಲ್ ಡಬ್ಬಿ, ಸರಿಯಾಗಿ ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಮುಷ್ಕರ ಹೂಡುತ್ತದೆ. ಉಗುರು ಸಿಕ್ಕಿಸಿ ಎಳೆಯುತ್ತೇನೆ, ಮೊಣಕಾಲುಗಳ ನಡುವೆ ಇರುಕಿಸಿಕೊಂಡು ಎಳೆಯುತ್ತೇನೆ. ಮುಚ್ಚಳ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಆಗ ನನ್ನ ಹೆಂಡತಿ ಬಂದು ಚಮಚದ ತುದಿಯನ್ನು ಅಂಚಿನಡಿ ತೂರಿಸಿ ತುಸು ಮೀಟುತ್ತಾಳೆ. 'ಸುಂಯ್' ಎಂದು ಗಾಳಿ ಒಳನುಗ್ಗಿದ ಸದ್ದು. ಮುಚ್ಚಳ ಸಲೀಸಾಗಿ ಅವಳ ಕೈಗೆ. ಅವಳು ಏನೂ ಹೇಳುವುದಿಲ್ಲ. ಹೇಳಿದ್ದರೇ ವಾಸಿಯಿತ್ತು.

ನನ್ನ ಪರ ವಾದಿಸಲು ಉಳಿದಿರುವುದು ಭೌತವಿಜ್ಞಾನವೊಂದೇ. ಮುಚ್ಚುವಾಗ ಡಬ್ಬಿಯೊಳಗೆ ಇದ್ದದ್ದು ಬಿಸಿ ಗಾಳಿ ಮತ್ತು ಹಬೆ. ಆರುತ್ತಿದ್ದಂತೆ ಹಬೆ ನೀರಾಗಿ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುತ್ತದೆ, ಉಳಿದ ಗಾಳಿಯ ಒತ್ತಡವೂ ಇಳಿಯುತ್ತದೆ. ಹೊರಗಿನ ವಾತಾವರಣಕ್ಕೆ ಇದರ ಪರಿವೆಯೇ ಇಲ್ಲ; ಅದು ಎಂದಿನಂತೆ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋ ಭಾರ ಹೇರುತ್ತಲೇ ಇರುತ್ತದೆ. ಮುಚ್ಚಳದ ಅಗಲ 15 ಸೆಂ.ಮೀ. ಎನ್ನಿ. ಒಳಗಿನ ಒತ್ತಡ ಐದರಲ್ಲೊಂದು ಪಾಲು ಇಳಿದರೆ ಸಾಕು, ಅದರ ಮೇಲೆ 35 ಕಿಲೋಗೂ ಹೆಚ್ಚು ಭಾರ ಕೂತಂತಾಯಿತು. ಅಷ್ಟನ್ನು ಉಗುರಿನಿಂದ ಎತ್ತಲು ಹೊರಟವನ ಎದೆಗಾರಿಕೆಯನ್ನು ಮನೆಯವರು ಮೆಚ್ಚಬೇಕಿತ್ತು.

ಫ್ರೀಜರಿನ ಬಾಗಿಲು ಇದೇ ಡಬ್ಬಿಯ ದೊಡ್ಡಣ್ಣ. ಒಮ್ಮೆ ತೆರೆದು ಮುಚ್ಚಿ, 'ಅಯ್ಯೋ, ಇನ್ನೊಂದು ವಸ್ತು ಮರೆತೆ' ಎಂದು ತಕ್ಷಣ ಮತ್ತೆ ಎಳೆದು ನೋಡಿ. ಬಾಗಿಲು ಅಂಟಿಕೊಂಡಿರುತ್ತದೆ. ತೆರೆದಾಗ ಒಳಹೊಕ್ಕ ಕೋಣೆಯ ಗಾಳಿ ಕ್ಷಣಾರ್ಧದಲ್ಲಿ ತಣ್ಣಗಾಗಿ ಒತ್ತಡ ಕಳೆದುಕೊಂಡಿರುತ್ತದೆ. ಅರ್ಧ ಚದರ ಮೀಟರಿನ ಬಾಗಿಲಿಗೆ ಒತ್ತಡ ನೂರರಲ್ಲಿ ಒಂದು ಪಾಲು ಇಳಿದರೂ 50 ಕಿಲೋ ಭಾರದ ಅದುಮು. ಹಿಡಿಕೆ ತಿರುಗಣಿಯಿಂದ ದೂರವಿರುವುದರಿಂದ ನಮ್ಮ ಪಾಲಿಗೆ ಅದರ ಅರ್ಧದಷ್ಟೇ ಬರುತ್ತದೆ ಎಂಬುದು ಸಮಾಧಾನ. ಒಂದು ನಿಮಿಷ ಸುಮ್ಮನೆ ನಿಂತರೆ ರಬ್ಬರಿನ ಅಂಚಿನ ಸಂದಿನಿಂದ ಗಾಳಿ ನುಸುಳಿ ಎಲ್ಲ ಸರಿಹೋಗುತ್ತದೆ. ಆದರೆ ಫ್ರಿಜ್ಜಿನ ಮುಂದೆ ಸುಮ್ಮನೆ ನಿಂತವನನ್ನು ಯಾವ ಮನೆಯಲ್ಲಿ ಯಾರು ಸಹಿಸುತ್ತಾರೆ?

ಒತ್ತಡ, ಗಾತ್ರ, ತಾಪಮಾನ, ಈ ಮೂವರದೂ ಒಂದೇ ಜಂಟಿ ಖಾತೆ. ಒಬ್ಬರು ಕೈಹಾಕಿದರೆ ಉಳಿದಿಬ್ಬರಲ್ಲಿ ಒಬ್ಬರಾದರೂ ಲೆಕ್ಕ ಒಪ್ಪಿಸಲೇಬೇಕು. ತಾಪಮಾನ ಬದಲಾಗದಿದ್ದರೆ, ಗಾತ್ರ ಅರ್ಧವಾದಾಗ ಒತ್ತಡ ಇಮ್ಮಡಿ. 1662ರಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ಇದನ್ನು ಪ್ರಕಟಿಸಿದ. ಒಂದು ತುದಿ ಮುಚ್ಚಿದ, ಬಾಗಿದ ಗಾಜಿನ ಕೊಳವೆಗೆ ಪಾದರಸ ಸುರಿಯುತ್ತ, ಸಿಕ್ಕಿಬಿದ್ದ ಗಾಳಿ ಎಷ್ಟೆಷ್ಟು ಕುಗ್ಗಿತೆಂದು ಅಳೆದು ಬರೆದಿಟ್ಟ ಪುಣ್ಯಾತ್ಮ. ಗಾತ್ರ ಬದಲಾಗದಿದ್ದರೆ ತಾಪಮಾನದ ಜೊತೆಗೆ ಒತ್ತಡ ಏರಿಳಿಯುತ್ತದೆ. ಒತ್ತಡ ಬದಲಾಗದಿದ್ದರೆ ಗಾತ್ರ. ಇಷ್ಟೇ. ಇಷ್ಟರಲ್ಲಿ ಜಗಳಕ್ಕೆ ಜಾಗವೆಲ್ಲಿ ಎಂದು ನೀವು ಕೇಳಬಹುದು. ನೀವು ನಮ್ಮ ಭಾವನವರನ್ನು ನೋಡಿಲ್ಲ.

ಭಾವನವರು ಲೆಕ್ಕದಲ್ಲಿ ಗಟ್ಟಿಗರು. ಗಟ್ಟಿಯಾಗಿ ಹೇಳುತ್ತಾರೆ ಎಂಬ ಅರ್ಥದಲ್ಲಿ. "ಬೆಳಿಗ್ಗೆ 20 ಡಿಗ್ರಿ ಇತ್ತು, ಮಧ್ಯಾಹ್ನ 40. ಸೆಕೆ ಇಮ್ಮಡಿಯಾಯಿತು. ಹಾಗಾದರೆ ಟೈರಿನ ಒತ್ತಡ 32ರಿಂದ 64 ಆಗುತ್ತದೆ, ಸಿಡಿಯುತ್ತದೆ" ಎಂದವರೇ ಕಾರಿನ ನಾಲ್ಕೂ ಟೈರುಗಳಿಂದ ಗಾಳಿ ಬಿಡಲು ಕೂತರು. ಟೈರುಗಳು ಮೊದಲೇ ಸರಿಯಾಗಿದ್ದವು. ಅವರು ಎದ್ದಾಗ ಇರಲಿಲ್ಲ.

"ಭಾವ, ನಿಮ್ಮ ಸೊನ್ನೆ ಸರಿಯಿಲ್ಲ" ಎಂದೆ. ಬೈಗುಳವೆಂದುಕೊಂಡರು. ನಾನು ಹೇಳಿದ್ದು ಥರ್ಮಾಮೀಟರಿನ ಸೊನ್ನೆಯನ್ನು. ಸೆಲ್ಸಿಯಸ್ ಸೊನ್ನೆ ನೀರು ಹೆಪ್ಪುಗಟ್ಟುವ ಬಿಂದು. ಅದು ನೀರಿನ ಖಾಸಗಿ ವ್ಯವಹಾರ, ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಭಾವನವರ ಲೆಕ್ಕವನ್ನೇ ಹಿಡಿದು ಹೊರಟರೆ, ಮೈನಸ್ 5ರಿಂದ 5 ಡಿಗ್ರಿಗೆ ಏರಿದ ದಿನ ಟೈರಿನ ಒತ್ತಡ ಮೈನಸ್ ಒಂದು ಪಟ್ಟು ಆಗಬೇಕು. ಗಾಳಿಯ ಲೆಕ್ಕ ಶುರುವಾಗುವುದು ಮೈನಸ್ 273.15ರಿಂದ. ಸೊನ್ನೆ ಡಿಗ್ರಿಯಲ್ಲಿರುವ ಅನಿಲವನ್ನು ಒತ್ತಡ ಬದಲಿಸದೆ ತಣಿಸುತ್ತ ಹೋದರೆ ಪ್ರತಿ ಡಿಗ್ರಿಗೂ ಗಾತ್ರದ 273ರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಆ ಗೆರೆಯನ್ನು ಹಾಗೆಯೇ ಎಳೆದರೆ ಗಾತ್ರ ಶೂನ್ಯವಾಗುವುದು ಅಲ್ಲಿ. ನಿಜವಾದ ಅನಿಲಗಳು ಅಲ್ಲಿಗೆ ಮುಟ್ಟುವ ಮೊದಲೇ ದ್ರವವಾಗಿ ಜಾರಿಕೊಳ್ಳುತ್ತವೆ, ಅದು ಬೇರೆ ಮಾತು. ಅಲ್ಲಿಂದಲೇ ಎಣಿಕೆ ಶುರುಮಾಡುವ ಕೆಲ್ವಿನ್ ಅಳತೆಯಲ್ಲಿ ಬೆಳಗಿನ ತಾಪಮಾನ 293, ಮಧ್ಯಾಹ್ನದ್ದು 313. ಏರಿದ್ದು ನೂರಕ್ಕೆ ಏಳು, ಅಷ್ಟೆ.

ಇನ್ನೊಂದು ಸೊನ್ನೆಯೂ ಇದೆ, ಅದು ಇನ್ನೂ ಮೋಸದ್ದು. ಪಂಕ್ಚರ್ ಆಗಿ ಚಪ್ಪಟೆಯಾದ ಟೈರಿಗೆ ಮೀಟರು ಸೊನ್ನೆ ತೋರಿಸುತ್ತದೆ. ಒಳಗೆ ಆಗಲೂ ಒಂದು ವಾತಾವರಣದಷ್ಟು, ಅಂದರೆ 14.7 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಟೈರಿನ ಮೀಟರಿನ ಅಳತೆ) ಒತ್ತಡ ಇದ್ದೇ ಇರುತ್ತದೆ. ಮೀಟರು ತೋರಿಸುವುದು ಹೊರಗಿನದಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಹಾಗಾಗಿ 32ಕ್ಕೆ 14.7 ಕೂಡಿಸಿ, ಏಳು ಶೇಕಡಾ ಏರಿಸಿ, ಮತ್ತೆ 14.7 ಕಳೆಯಬೇಕು. ಉತ್ತರ 35ರ ಆಸುಪಾಸು. ಮೂರು ಪಿಎಸ್ಐ ಏರಿಕೆಗೆ ಭಾವನವರು ನಾಲ್ಕು ಟೈರುಗಳ ಉಸಿರು ತೆಗೆದಿದ್ದರು. ಟೈರಿನ ಒತ್ತಡವನ್ನು ಗಾಡಿ ಓಡಿಸುವ ಮೊದಲು, ತಣ್ಣಗಿರುವಾಗಲೇ ನೋಡಿ ಎಂದು ಕಾರಿನ ಕೈಪಿಡಿಯಲ್ಲಿ ಬರೆದಿರುತ್ತಾರೆ. ಕೈಪಿಡಿ ಓದುವ ಭಾವಂದಿರು ಎಲ್ಲಾದರೂ ಇರಬಹುದು.

ವಿಮಾನದಲ್ಲಿ ಬಾಯ್ಲ್ ಮಹಾಶಯ ಜೇಬಿಗೇ ಕೈಹಾಕುತ್ತಾನೆ. ಮೇಲೆ ಹಾರುವಾಗ ಕ್ಯಾಬಿನ್ನಿನ ಒತ್ತಡ ನೆಲದ ಮೇಲಿನದರ ಮುಕ್ಕಾಲು ಪಾಲಿನವರೆಗೂ ಇಳಿಯುತ್ತದೆ. ಇಂಕ್ ಪೆನ್ನಿನಲ್ಲಿ ಕೂತ ನೆಲದ ಗಾಳಿ ಹಿಗ್ಗಿ, ಶಾಯಿಯನ್ನು ನಿಬ್ಬಿನ ಮೂಲಕ ಹೊರಗೆ ನೂಕುತ್ತದೆ. ಬಿಳಿ ಶರಟು ಹಾಕಿಕೊಂಡಿದ್ದರೆ ನೂಕುವ ಉತ್ಸಾಹ ಹೆಚ್ಚು ಎಂದು ನನಗೆ ಬಲವಾದ ಗುಮಾನಿ. ಅರ್ಧ ಖಾಲಿಯಾದ ಪೆನ್ನಿನಲ್ಲಿ ಗಾಳಿ ಹೆಚ್ಚು, ಆದ್ದರಿಂದ ಅಪಾಯವೂ ಹೆಚ್ಚು; ಪೂರ್ತಿ ತುಂಬಿಸಿ, ನಿಬ್ಬನ್ನು ಮೇಲಕ್ಕೆ ಮಾಡಿ ಇಡಬೇಕು. ಮೇಲೆ ಕುಡಿದು ಮುಗಿಸಿ ಮುಚ್ಚಳ ತಿರುಗಿಸಿದ ನೀರಿನ ಬಾಟಲಿ ನೆಲ ಮುಟ್ಟುವ ಹೊತ್ತಿಗೆ ಕೆನ್ನೆ ಒಳಕ್ಕೆಳೆದುಕೊಂಡು ಕೂತಿರುತ್ತದೆ.

ಇದೆಲ್ಲವನ್ನೂ ನನಗಿಂತ ಚೆನ್ನಾಗಿ ಅನುಭವಿಸಿದವನು ಫ್ರಾನ್ಸಿನ ವಿಜ್ಞಾನಿ ಜಾಕ್ ಚಾರ್ಲ್ಸ್. 1783ರ ಆಗಸ್ಟ್ 27ರಂದು ಪ್ಯಾರಿಸ್ಸಿನಿಂದ ಜಲಜನಕದ ಬಲೂನೊಂದನ್ನು ಹಾರಿಸಿದ. ಅದು ಗೊನೆಸ್ ಎಂಬ ಹಳ್ಳಿಯಲ್ಲಿ ಇಳಿದಾಗ, ಯಾವುದೋ ಮಾಯದ ಪ್ರಾಣಿಯೆಂದು ಬೆದರಿದ ಊರಿನವರು ಅದರ ಮೇಲೆ ಮುಗಿಬಿದ್ದು ಚಿಂದಿ ಮಾಡಿದರು. ಡಿಸೆಂಬರ್ 1ರಂದು ತಾನೇ ಬಲೂನು ಹತ್ತಿದ. ಒಮ್ಮೆ ಇಳಿದು, ಜೊತೆಗಿದ್ದವನನ್ನು ಇಳಿಸಿ ಒಬ್ಬನೇ ಮತ್ತೆ ಹೊರಟದ್ದೇ ತಡ, ಭಾರ ಕಡಿಮೆಯಾದ ಬಲೂನು ಸುಮಾರು 3000 ಮೀಟರಿಗೆ ಚಿಮ್ಮಿತು. ಆ ದಿನ ಮುಳುಗಿ ಹೋಗಿದ್ದ ಸೂರ್ಯ ಅವನಿಗೆ ಮತ್ತೊಮ್ಮೆ ಕಂಡ. ಜೊತೆಗೆ ಕಿವಿ ಸಹಿಸಲಾಗದಷ್ಟು ನೋಯತೊಡಗಿತು. ಅನಿಲದ ಕವಾಟ ತೆರೆದು ಇಳಿದವನು ಮತ್ತೆಂದೂ ಹಾರಲಿಲ್ಲ. ಕೆಲವು ವರ್ಷಗಳ ನಂತರ ತಾಪಮಾನಕ್ಕೂ ಗಾತ್ರಕ್ಕೂ ಇರುವ ನಂಟನ್ನು ಕಂಡುಕೊಂಡ, ಪ್ರಕಟಿಸುವ ಗೋಜಿಗೆ ಹೋಗಲಿಲ್ಲ. 1802ರಲ್ಲಿ ಗೇ-ಲುಸಾಕ್ ಎಂಬ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ತನ್ನದೇ ಪ್ರಯೋಗಗಳನ್ನು ಪ್ರಕಟಿಸುವಾಗ ಚಾರ್ಲ್ಸ್‌ನ ಹೆಸರನ್ನು ದೊಡ್ಡ ಮನಸ್ಸಿನಿಂದ ಹೇಳಿದ್ದರಿಂದ ಅದು ಇಂದು ಚಾರ್ಲ್ಸ್ ನಿಯಮ. ಅವನ ಕಿವಿ ಹಿಂಡಿದ್ದು ಮಾತ್ರ ಆ ನಿಯಮವಲ್ಲ, ಬಾಯ್ಲ್‌ನದು.