ಬಾಗಿಲ ಪಕ್ಕದ ಗೋಡೆ

ಚರ್ಚಿನ ಹೊರಗೋಡೆ ಮೇಲೆ ಯುವಜನರ ಗುಂಪು ಅಕ್ಕಪಕ್ಕದವರನ್ನೆಲ್ಲ ಸೇರಿಸಿಕೊಂಡು ಸ್ವಾಗತದ ಚಿತ್ರ ಬರೆಯುತ್ತಿರುವ ಸುದ್ದಿ ಓದಿ ಖುಷಿಯಾಯಿತು. ನನಗೆ ಜಾಸ್ತಿ ಹಿಡಿಸಿದ್ದು, ಚರ್ಚಿಗೆ ಬಾರದವರ ಕೈಗೂ ಕುಂಚ ಕೊಟ್ಟಿದ್ದು. ಸುಮ್ನೆ ‘ಬನ್ನಿ’ ಅಂತ ಬೋರ್ಡ್ ಹಾಕಿದರೆ ಯಾರು ಬರುತ್ತಾರೆ? ತಾನು ಬಣ್ಣ ಹಚ್ಚಿದ ಒಂದು ಎಲೆ ಗೋಡೆ ಮೇಲಿದ್ದರೆ ಮಗು ಅಪ್ಪ ಅಮ್ಮನನ್ನು ಎಳೆದುಕೊಂಡು ಬಂದು ತೋರಿಸುತ್ತದೆ, ಅಲ್ವಾ?

ಒಂದು ಮಾತು. ಗೋಡೆಗೆ ಹೊಸದಾಗಿ ಸಿಮೆಂಟ್ ಗಾರೆ ಮಾಡಿಸಿದ್ದರೆ ಸುಮಾರು 28 ದಿನ ಬಿಡಿ. ಆಮೇಲೆ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ), ಅದರ ಮೇಲೆ ಹೊರಗೋಡೆಗೆ ಹಾಕುವ ಅಕ್ರಿಲಿಕ್ ಬಣ್ಣ. ಅವಸರ ಮಾಡಿದರೆ ಬಣ್ಣ ಪೊರೆ ಪೊರೆಯಾಗಿ ಏಳುತ್ತದೆ. ನಾವು ಹಾಗೆ ಕೈ ಸುಟ್ಟುಕೊಂಡವರೇ! ಬಿಸಿಲು ಬೀಳುವ ಕಡೆ ಕಾವಿಯಂಥ ಮಣ್ಣಿನ ಬಣ್ಣಗಳು ಬೇಗ ಮಾಸುವುದಿಲ್ಲ. ಮತ್ತೆ, ಕೆಳಗೆ ಒಂದಿಷ್ಟು ಜಾಗ ಖಾಲಿ ಇರಲಿ, ಮುಂದೆ ಬರುವವರಿಗೆ.